ರಾಮನ ಲೆಕ್ಕ, ಕೃಷ್ಣನ ಲೆಕ್ಕ ಮತ್ತು ಒಂದು ಸೆಟ್‌ಟಾಪ್ ಬಾಕ್ಸ್

ಇವತ್ತಿನ ಸಂಚಿಕೆ ಟಿವಿ ಬಗ್ಗೆ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಟಿವಿ ನೋಡೋದೇ ಬಿಟ್ಟಿದ್ದೀರಿ ಅಂತ ಗೊತ್ತು. ಆದ್ರೂ ಕೇಳಿ. ಇದು ಸೀರಿಯಲ್ ಕಥೆ ಅಲ್ಲ, ದುಡ್ಡಿನ ಕಥೆ. ನಾನು ಬಿ.ಕಾಂ. ಮಾಡಿದವನು, ಎಲ್ಲಿ ಲೆಕ್ಕ ತಾಳೆ ಆಗಲ್ವೋ ಅಲ್ಲಿಗೆ ನನ್ನ ಮೂಗು ತಾನಾಗೇ ಹೋಗುತ್ತೆ.

ಮೊದಲು ನಾಲ್ಕು ವರ್ಷಗಳನ್ನ ಹೇಳ್ತೀನಿ: 2013, 2014, 2016, 2017. ಭಾರತದ ಕೇಬಲ್ ಟಿವಿಯನ್ನ ಪೂರ್ತಿಯಾಗಿ ಅನಲಾಗ್‌ನಿಂದ ಡಿಜಿಟಲ್‌ಗೆ ತರಬೇಕು ಅನ್ನೋ ಒಂದೇ ಕೆಲಸಕ್ಕೆ ಬೇರೆ ಬೇರೆ ಹೊತ್ತಲ್ಲಿ ಇಟ್ಟ ಕೊನೇ ಗಡುವಿನ ವರ್ಷಗಳಿವು. ಅದಕ್ಕೂ ಹಿಂದೆ 2003ರಲ್ಲಿ ಒಂದು ಸಲ ಇದೇ ಕೆಲಸ ಶುರುವಾಗಿ, ಅರ್ಧಕ್ಕೇ ನಿಂತು, 2006ರ ಕೊನೆಗೆ ಮತ್ತೆ ಎದ್ದಿತ್ತು. ಒಟ್ಟು ಹಿಡಿದರೆ ಹದಿನಾಲ್ಕು ವರ್ಷ. ಇಷ್ಟು ತಡ ಯಾಕಾಯ್ತು ಅಂತ ಕೇಳಿದ್ರೆ ಬಾಕ್ಸ್ ಸಿಗಲಿಲ್ಲ, ಜನ ತಯಾರಿರಲಿಲ್ಲ, ಕೋರ್ಟ್‌ನಲ್ಲಿ ಕೇಸ್ ಇತ್ತು ಅಂತ ಉತ್ತರ ಬರುತ್ತೆ. ಎಲ್ಲವೂ ನಿಜ. ಆದರೆ ಇವೆಲ್ಲದರ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಈ ದೇಶದಲ್ಲಿ ಎಷ್ಟು ಮನೆಗೆ ಕೇಬಲ್ ಕನೆಕ್ಷನ್ ಇದೆ? ಇದಕ್ಕೆ ಸರಿಯಾದ ಉತ್ತರ ಹೊರಗೆ ಬರೋದು ಸುಮಾರು ಜನಕ್ಕೆ ಬೇಕಿರಲಿಲ್ಲ.

ಹಿಂದಿನದು ಸ್ವಲ್ಪ ಹೇಳಿಬಿಡ್ತೀನಿ. 1991ರವರೆಗೆ ನಮ್ಮ ದೇಶದಲ್ಲಿ ಟಿವಿ ಅಂದ್ರೆ ದೂರದರ್ಶನ. ಆ ವರ್ಷದ ಶುರುವಿನಲ್ಲಿ ಕೊಲ್ಲಿ ಯುದ್ಧ ಆಯ್ತು, ದೊಡ್ಡ ಹೋಟೆಲ್‌ಗಳಲ್ಲಿ ಸಿಎನ್‌ಎನ್ ಕಾಣಿಸ್ತು. ಅದೇ ವರ್ಷ ಸ್ಟಾರ್ ಟಿವಿ ಆಕಾಶಕ್ಕೆ ಬಂತು, 1992ರಲ್ಲಿ ಝೀ, 1994ರಲ್ಲಿ ನಮ್ಮ ಉದಯ ಟಿವಿ. ಈ ಚಾನೆಲ್‌ಗಳನ್ನ ಉಪಗ್ರಹದಿಂದ ಇಳಿಸಿ ಮನೆಮನೆಗೆ ಮುಟ್ಟಿಸಿದ್ದು ಯಾವ ಸರ್ಕಾರವೂ ಅಲ್ಲ, ಯಾವ ದೊಡ್ಡ ಕಂಪನಿಯೂ ಅಲ್ಲ. ಬೀದಿಯ ಹುಡುಗರು. ಅವರಲ್ಲಿ ಎಷ್ಟೋ ಜನ ಮೊದಲು ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡ್ತಿದ್ದವರು. ಸಾಲ ಮಾಡಿ ತಾರಸಿ ಮೇಲೆ ಡಿಶ್ ಕೂರಿಸಿದರು. ಕರೆಂಟ್ ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ಇನ್ಯಾರದೋ ಬಾಲ್ಕನಿಗೆ ಕರೀ ವೈರ್ ಎಳೆದರು. 1995ರಲ್ಲಿ ಕೇಬಲ್ ಟಿವಿ ಕಾಯ್ದೆ ಬಂತು. ಕಾನೂನು ಬರೋ ಹೊತ್ತಿಗೆ ಆ ವೈರ್ ಊರೆಲ್ಲಾ ಹಬ್ಬಿಯಾಗಿತ್ತು.

ಈಗ ನಾನು ಹೇಳಬೇಕು ಅಂದ್ಕೊಂಡಿದ್ದ ಜಾಗಕ್ಕೆ ಬಂದೆ. ಅನಲಾಗ್ ಕೇಬಲ್ ಅಂದ್ರೆ ಒಂದು ಥರ ಓವರ್‌ಹೆಡ್ ಟ್ಯಾಂಕಿನ ನೀರು. ಮೇಲಿಂದ ಬಿಟ್ಟರೆ ಪೈಪ್ ಇರೋ ಕಡೆಯೆಲ್ಲಾ ಹರಿಯುತ್ತೆ. ಮೀಟರ್ ಇಲ್ಲ. ಒಂದು ಮನೆಗೆ ಎಳೆದ ವೈರ್‌ಗೆ ಸ್ಪ್ಲಿಟರ್ ಹಾಕಿದ್ರೆ ಪಕ್ಕದ ಮನೆಗೂ ಟಿವಿ ಬರುತ್ತೆ. ಮೇಲೆ ಕೂತವನಿಗೆ ಅದು ತಿಳಿಯೋ ದಾರಿಯೇ ಇಲ್ಲ.

ಮೇಲೆ ಕೂತವರು ಇಬ್ಬರು. ಚಾನೆಲ್‌ನವರು ಒಬ್ಬರು. ಹತ್ತಾರು ಚಾನೆಲ್‌ಗಳ ಸಿಗ್ನಲ್ ಒಟ್ಟು ಮಾಡಿ ಬೀದಿ ಆಪರೇಟರ್‌ಗಳಿಗೆ ಕೊಡೋ ಎಂಎಸ್‌ಒ ಅನ್ನೋ ಮಧ್ಯದ ಕಂಪನಿ ಇನ್ನೊಂದು. ದುಡ್ಡು ಮಾತ್ರ ಕೆಳಗಿಂದ ಮೇಲಕ್ಕೆ ಹೋಗಬೇಕು: ಮನೆಯಿಂದ ಆಪರೇಟರ್‌ಗೆ, ಅಲ್ಲಿಂದ ಎಂಎಸ್‌ಒಗೆ, ಅಲ್ಲಿಂದ ಚಾನೆಲ್‌ಗೆ. ಉದಾಹರಣೆಗೆ ಒಬ್ಬ ಆಪರೇಟರ್ ಹತ್ರ 1,000 ಮನೆ ಇದೆ ಅಂದ್ಕೊಳ್ಳಿ. ತಿಂಗಳಿಗೆ 200 ರೂಪಾಯಿಯಂತೆ 2 ಲಕ್ಷ ವಸೂಲಿ. ಆದರೆ ಎಂಎಸ್‌ಒಗೆ ಅವನು ಹೇಳೋದು "ಸಾರ್, 200 ಮನೆ ಇದೆ" ಅಂತ. ಎಂಎಸ್‌ಒ ಚಾನೆಲ್‌ನವರ ಮುಂದೆ ಆ ಸಂಖ್ಯೆಯನ್ನ ಇನ್ನೂ ಇಳಿಸುತ್ತೆ. ಸರ್ಕಾರಕ್ಕೆ ತೆರಿಗೆ ಕಟ್ಟುವಾಗಲೂ ಅದೇ ಸಣ್ಣ ಸಂಖ್ಯೆ. ನಮ್ಮ ಕಡೆ ಇದಕ್ಕೆ ಒಳ್ಳೇ ಹೆಸರಿದೆ, ರಾಮನ ಲೆಕ್ಕ ಕೃಷ್ಣನ ಲೆಕ್ಕ. ಟ್ರಾಯ್ ತನ್ನ ವರದಿಗಳಲ್ಲಿ ಇದನ್ನೇ ಮರ್ಯಾದೆಯಿಂದ "ಚಂದಾದಾರರ ಕಡಿಮೆ ಘೋಷಣೆ" ಅಂತ ಕರೀತು.

ಚಾನೆಲ್‌ನವರೂ ದಡ್ಡರಲ್ಲ. ಹೇಳಿದ್ದು ಸುಳ್ಳು ಸಂಖ್ಯೆ ಅಂತ ಅವರಿಗೂ ಗೊತ್ತು. ಹಾಗಾಗಿ ಇಬ್ಬರೂ ಚೌಕಾಸಿ ಮಾಡಿ ಒಂದು ಮೊತ್ತಕ್ಕೆ ಒಪ್ಪಿಕೊಳ್ಳೋರು. ಒಟ್ಟಿನಲ್ಲಿ ದೇಶದ ಅಷ್ಟು ದೊಡ್ಡ ಉದ್ಯಮ ನಡೀತಿದ್ದದ್ದು ಸಂತೆ ವ್ಯಾಪಾರದ ಥರ.

ಇದರ ಜೊತೆಗೇ ಇನ್ನೊಂದು ಆದಾಯ ಹುಟ್ಟಿಕೊಳ್ತು. ಅನಲಾಗ್ ವೈರ್‌ನಲ್ಲಿ ಒಂದೊಂದು ಚಾನೆಲ್‌ಗೂ 7–8 ಮೆಗಾಹರ್ಟ್ಸ್ ಜಾಗ ಬೇಕು, ಎಷ್ಟು ಒತ್ತಿದ್ರೂ ನೂರರ ಆಸುಪಾಸಿಗೆ ವೈರ್ ಭರ್ತಿ. ಡಿಜಿಟಲ್ ಆದ್ರೆ ಒಂದು ಅನಲಾಗ್ ಚಾನೆಲ್‌ನ ಜಾಗದಲ್ಲೇ ಹತ್ತಕ್ಕೂ ಹೆಚ್ಚು ಚಾನೆಲ್ ಹಿಡಿಯುತ್ತೆ. ಜಾಗ ಕಮ್ಮಿ, ಚಾನೆಲ್ ಜಾಸ್ತಿ ಅಂದಾಗ ಏನಾಗುತ್ತೆ ಅಂತ ಮೊದಲ ವರ್ಷದ ಎಕನಾಮಿಕ್ಸ್ ಓದಿದವರಿಗೂ ಗೊತ್ತು. ಚಾನೆಲ್‌ಗಳೇ ಎಂಎಸ್‌ಒಗೆ ದುಡ್ಡು ಕೊಟ್ಟು ಜಾಗ ಹಿಡಿಯೋಕೆ ಶುರು ಮಾಡಿದವು. ಅದರ ಹೆಸರು ಕ್ಯಾರೇಜ್ ಫೀ. ಹಳೇ ಟಿವಿಗಳಲ್ಲೂ ಚೆನ್ನಾಗಿ ಕಾಣೋ ಮೊದಲ ಕೆಲವು ನಂಬರ್‌ಗಳಿಗೆ ರೇಟ್ ಇನ್ನೂ ಜಾಸ್ತಿ. ಬೆಂಗಳೂರನ್ನ ನೆನಪು ಮಾಡ್ಕೊಳ್ಳಿ: ಕನ್ನಡ, ತಮಿಳು, ತೆಲುಗು, ಮಲಯಾಳಂ, ಹಿಂದಿ, ಇಂಗ್ಲಿಷ್, ಎಲ್ಲದಕ್ಕೂ ನೋಡೋರು ಇರೋ ಊರು. ಅದೇ ಇಕ್ಕಟ್ಟಾದ ವೈರ್‌ನಲ್ಲಿ 2006ರಲ್ಲಿ ಬಂದ ಟಿವಿ9 ಇಂದ 2012ರಲ್ಲಿ ಬಂದ ಪಬ್ಲಿಕ್ ಟಿವಿವರೆಗೆ ಎಷ್ಟೊಂದು ಕನ್ನಡ ಸುದ್ದಿ ಚಾನೆಲ್‌ಗಳು ಜಾಗ ಮಾಡ್ಕೋಬೇಕಿತ್ತು. ವೈರ್ ಇಕ್ಕಟ್ಟಾಗಿದ್ದಷ್ಟೂ ವೈರ್ ಇಟ್ಟುಕೊಂಡವರಿಗೆ ಲಾಭ.

ಈಗ ಇವರ ಮಧ್ಯೆ ಒಂದು ಸೆಟ್‌ಟಾಪ್ ಬಾಕ್ಸ್ ತಂದಿಡಿ. ಒಂದೊಂದು ಬಾಕ್ಸ್‌ಗೂ ಒಂದು ನಂಬರ್ ಇರುತ್ತೆ, ಕಂಟ್ರೋಲ್ ರೂಮ್‌ನಿಂದ ಆನ್ ಮಾಡಿದ್ರೆ ಮಾತ್ರ ಚಿತ್ರ ಬರುತ್ತೆ. 1,000 ಮನೆಯಲ್ಲಿ ಟಿವಿ ಓಡ್ತಿದ್ರೆ ಸರ್ವರ್‌ನಲ್ಲಿ 1,000 ಅಂತಲೇ ತೋರಿಸುತ್ತೆ. ರಾಮನ ಲೆಕ್ಕ ಒಂದೇ ಉಳಿಯುತ್ತೆ. ಕೃಷ್ಣನ ಪುಸ್ತಕ ಮುಚ್ಚಬೇಕು.

ಮೊದಲ ಪ್ರಯತ್ನಕ್ಕೆ ಕ್ಯಾಸ್ ಅಂತ ಹೆಸರಿತ್ತು. ಅದಕ್ಕಾಗಿ 2002ರ ಕೊನೆಗೆ ಸಂಸತ್ತು ಕಾಯ್ದೆ ತಿದ್ದುಪಡಿ ಮಾಡ್ತು. ನಾಲ್ಕು ಮಹಾನಗರಗಳಲ್ಲಿ ಪೇ ಚಾನೆಲ್ ನೋಡಬೇಕಾದ್ರೆ ಬಾಕ್ಸ್ ಕಡ್ಡಾಯ. 2003ರ ಜುಲೈ 14 ಅಂತ ದಿನಾಂಕ ಇಟ್ಟರು. ಅದು ಸೆಪ್ಟೆಂಬರ್ 1ಕ್ಕೆ ಹೋಯ್ತು. ಸೆಪ್ಟೆಂಬರ್ 1 ಬಂದಾಗ ನಿಜವಾಗಿ ಜಾರಿಯಾದದ್ದು ಚೆನ್ನೈನಲ್ಲಿ ಮಾತ್ರ, ಅಲ್ಲೂ ಬಾಕ್ಸ್ ಕೊಂಡವರು ಬಹಳ ಕಡಿಮೆ. ದೆಹಲಿಯಲ್ಲಿ ಅದೇ ವರ್ಷ ಡಿಸೆಂಬರ್ 1ಕ್ಕೆ ವಿಧಾನಸಭೆ ಚುನಾವಣೆ. ಮತದಾರರ ಮನೆಯ ಟಿವಿ ಆಫ್ ಮಾಡಿ ಮತ ಕೇಳೋಕೆ ಹೋಗೋ ಧೈರ್ಯ ಯಾವ ಪಕ್ಷಕ್ಕಿದೆ ಹೇಳಿ? 2004ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವೇ ಕ್ಯಾಸ್‌ಗೆ ತಡೆ ಹಾಕ್ತು. ಬಾಕ್ಸ್‌ಗೆ ಬಂಡವಾಳ ಹಾಕಿದ್ದ ಕಂಪನಿಗಳು ಕೋರ್ಟಿಗೆ ಹೋದವು. 2006ರಲ್ಲಿ ದೆಹಲಿ ಹೈಕೋರ್ಟ್, ಕಾನೂನು ಮಾಡಿದ ಮೇಲೆ ಜಾರಿ ಮಾಡಿ ಅಂತು. ಕೊನೆಗೆ 2006ರ ಡಿಸೆಂಬರ್ 31ಕ್ಕೆ ದೆಹಲಿ, ಮುಂಬೈ, ಕೋಲ್ಕತ್ತಾಗಳ ಕೆಲವು ಭಾಗಗಳಲ್ಲಿ ಶುರುವಾಯ್ತು. ಪೇ ಚಾನೆಲ್ ಒಂದಕ್ಕೆ ತಿಂಗಳಿಗೆ ಹೆಚ್ಚೆಂದರೆ 5 ರೂಪಾಯಿ, ಉಚಿತ ಚಾನೆಲ್‌ಗಳ ಕಟ್ಟಿಗೆ 77 ರೂಪಾಯಿ. ಈಗ ಕೇಳಿದ್ರೆ ನಗು ಬರುತ್ತೆ. ಬೆಂಗಳೂರು ಆ ಪಟ್ಟಿಯಲ್ಲೇ ಇರಲಿಲ್ಲ.

ಎರಡನೇ ಪ್ರಯತ್ನ ದೊಡ್ಡದು. 2010ರ ಆಗಸ್ಟ್‌ನಲ್ಲಿ ಟ್ರಾಯ್ ಒಂದು ಶಿಫಾರಸು ಕೊಡ್ತು: ನಾಲ್ಕು ಹಂತದಲ್ಲಿ, 2013ರ ಡಿಸೆಂಬರ್ ಒಳಗೆ ಇಡೀ ದೇಶದ ಕೇಬಲ್ ಡಿಜಿಟಲ್ ಆಗಬೇಕು. 2011ರ ಅಕ್ಟೋಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು, ಡಿಸೆಂಬರ್‌ನಲ್ಲಿ ಅದು ಸಂಸತ್ತಿನಲ್ಲಿ ಕಾಯ್ದೆ ಆಯ್ತು. ಮಹಾನಗರಗಳಿಗೆ 2012ರ ಜೂನ್ 30, ಬೆಂಗಳೂರು ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ 31, ಉಳಿದ ನಗರ ಪಟ್ಟಣಗಳಿಗೆ 2014ರ ಸೆಪ್ಟೆಂಬರ್ 30, ಹಳ್ಳಿಗಳೂ ಸೇರಿ ಮಿಕ್ಕಿದ್ದಕ್ಕೆಲ್ಲಾ 2014ರ ಡಿಸೆಂಬರ್ 31.

ಮೊದಲ ಗಡುವೇ ತಪ್ಪಿತು, ಜೂನ್ 30 ಹೋಗಿ ಅಕ್ಟೋಬರ್ 31 ಆಯ್ತು. ಆಗಲೂ ಪಶ್ಚಿಮ ಬಂಗಾಳದ ಮಮತಾ ಬ್ಯಾನರ್ಜಿ ಸರ್ಕಾರ ವಿರೋಧಿಸ್ತು, ಕೋಲ್ಕತ್ತಾದಲ್ಲಿ ಅನಲಾಗ್ ಇನ್ನೂ ಸ್ವಲ್ಪ ದಿನ ಓಡ್ತು.

ಚೆನ್ನೈ ಕಥೆ ಬೇರೆಯೇ, ಮತ್ತು ನನಗೆ ತುಂಬಾ ಇಷ್ಟವಾದ ಭಾಗ ಇದು. ಅಲ್ಲಿ 2011ರಲ್ಲಿ ಜಯಲಲಿತಾ ಸರ್ಕಾರ ಅರಸು ಕೇಬಲ್ ಅನ್ನೋ ಸರ್ಕಾರಿ ಕಂಪನಿಗೆ ಜೀವ ತುಂಬಿತ್ತು. ತಿಂಗಳಿಗೆ 70 ರೂಪಾಯಿಗೆ ಕೇಬಲ್. ಡಿಜಿಟಲ್ ಸೇವೆ ಕೊಡೋಕೆ ಕೇಂದ್ರದ ಲೈಸೆನ್ಸ್ ಬೇಕು. ಅರಸು ಅರ್ಜಿ ಹಾಕ್ತು. ಆದರೆ ಸರ್ಕಾರಗಳು ಪ್ರಸಾರದ ವ್ಯವಹಾರಕ್ಕೆ ಇಳಿಯಬಾರದು ಅಂತ ಟ್ರಾಯ್ ಮೊದಲಿಂದ ಹೇಳ್ತಾ ಬಂದಿತ್ತು. ಕೇಂದ್ರ ಲೈಸೆನ್ಸ್ ಕೊಡಲೂ ಇಲ್ಲ, ಬಿಡಲೂ ಇಲ್ಲ. 2012ಕ್ಕೇ ಡಿಜಿಟಲ್ ಆಗಬೇಕಿದ್ದ ಚೆನ್ನೈ ವರ್ಷಗಟ್ಟಲೆ ಕೋರ್ಟ್ ಕಚೇರಿಗಳ ನಡುವೆ ಉಳೀತು. ಅರಸುಗೆ ಕೊನೆಗೂ ಲೈಸೆನ್ಸ್ ಸಿಕ್ಕಿದ್ದು 2017ರಲ್ಲಿ, ಜಯಲಲಿತಾ ತೀರಿಕೊಂಡ ಮೇಲೆ.

ನಮ್ಮ ಕಡೆಗೆ ಬರೋಣ. 2013ರ ಮಾರ್ಚ್‌ನಲ್ಲಿ ಬೆಂಗಳೂರು, ಮೈಸೂರಲ್ಲಿ ಇದ್ದವರಿಗೆ ನೆನಪಿರುತ್ತೆ. ಸೀರಿಯಲ್ ಮಧ್ಯೆ ಟಿವಿ ಕೆಳಗಡೆ ಪಟ್ಟಿ ಓಡೋದು, "ಮಾರ್ಚ್ 31ರ ನಂತರ ನಿಮ್ಮ ಟಿವಿ ಬರೋದಿಲ್ಲ" ಅನ್ನೋ ಥರ. ಬಾಕ್ಸ್ ಬೆಲೆ ಸಾವಿರ ರೂಪಾಯಿ ಆಸುಪಾಸು. ಅದರಲ್ಲೂ ಹೆಚ್ಚಿನವು ಚೀನಾದಿಂದ ಬರಬೇಕು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹೈಕೋರ್ಟ್‌ಗಳಲ್ಲಿ ಗಡುವಿನ ವಿರುದ್ಧ ಅರ್ಜಿ ಬಿದ್ದವು. ಆ ಅರ್ಜಿಗಳಿಂದ ಸಿಕ್ಕಿದ್ದು ಸ್ವಲ್ಪ ಸಮಯ ಅಷ್ಟೇ, ಕೆಲಸ ನಿಲ್ಲಲಿಲ್ಲ.

ನನ್ನೂರು ದಾವಣಗೆರೆ, ಅಂದ್ರೆ ಮೂರನೇ ಹಂತ. ಬೆಂಗಳೂರಿನ ನಮ್ಮ ಚಿಕ್ಕಪ್ಪನ ಮನೆಗೆ ಬಾಕ್ಸ್ ಬಂದು ಎಷ್ಟೋ ಕಾಲ ಆದ್ಮೇಲೂ ನಮ್ಮನೇಲಿ ಅದೇ ಹಳೇ ವೈರ್, ಮಳೆ ಬಂದ್ರೆ ಅದೇ ಚುಕ್ಕಿ ಚುಕ್ಕಿ ಪರದೆ. ತಿಂಗಳ ಮೊದಲ ವಾರ ಕೇಬಲ್‌ನವರು ಸೈಕಲ್ ಮೇಲೆ ಬರೋರು. ಒಂದು ಹಳದಿ ಕಾರ್ಡ್, ಅದರಲ್ಲಿ ಹನ್ನೆರಡು ಖಾನೆ, ದುಡ್ಡು ಕೊಟ್ಟರೆ ಒಂದು ಸಹಿ. ರಸೀದಿ ಕೇಳಿದ್ರೆ "ಏನಕ್ಕಾ, ನಂಬಿಕೆ ಇಲ್ವಾ?" ಅನ್ನೋರು ನಮ್ಮಮ್ಮಂಗೆ. ಅದೇ ಮನುಷ್ಯ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ರೂ ಏಣಿ ಹೊತ್ಕೊಂಡು ಬಂದು ವೈರ್ ಸರಿ ಮಾಡಿ ಹೋಗೋರು. ಆಮೇಲೆ ಬಂದ ಯಾವ ಕಸ್ಟಮರ್ ಕೇರ್ ನಂಬರ್ ಕೂಡ ಈ ಕೆಲಸ ಮಾಡಿಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಈ ವಿಷಯ ಬರೆಯೋರು ಸಾಮಾನ್ಯವಾಗಿ ಬೀದಿ ಆಪರೇಟರ್‌ನ ಕಳ್ಳ ಅಂತ ಮಾಡಿ ಮುಗಿಸ್ತಾರೆ. ಲೆಕ್ಕ ಮುಚ್ಚಿಟ್ಟಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸ ವ್ಯವಸ್ಥೆ ಅವನಿಗೆ ಏನು ಕೊಡ್ತು ಅಂತಲೂ ನೋಡಿ. ಇಬ್ಬರ ಮಧ್ಯೆ ಬೇರೆ ಒಪ್ಪಂದ ಆಗದಿದ್ರೆ ಟ್ರಾಯ್ 2012ರಲ್ಲಿ ಹೇಳಿದ ಪಾಲು ಹೀಗಿತ್ತು: ಉಚಿತ ಚಾನೆಲ್‌ಗಳ ಕಟ್ಟಿನ ಆದಾಯದಲ್ಲಿ ಎಂಎಸ್‌ಒಗೆ 55, ಆಪರೇಟರ್‌ಗೆ 45. ಪೇ ಚಾನೆಲ್ ಆದಾಯದಲ್ಲಿ ಎಂಎಸ್‌ಒ ಕಡೆಗೆ 65, ಆಪರೇಟರ್‌ಗೆ 35. ಇಪ್ಪತ್ತು ವರ್ಷ ಸ್ವಂತ ದುಡ್ಡಲ್ಲಿ ವೈರ್ ಎಳೆದು, ಕಂಬ ಹತ್ತಿ, ವಸೂಲಿಯ ಬಹುಪಾಲು ತಾನೇ ಇಟ್ಕೊಂಡಿದ್ದವನಿಗೆ ಈಗ ನೂರಕ್ಕೆ ಮೂವತ್ತೈದು. ಮೇಲಾಗಿ ಗ್ರಾಹಕರ ಹೆಸರು ವಿಳಾಸ ಎಲ್ಲಾ ಎಂಎಸ್‌ಒ ಸರ್ವರ್‌ಗೆ ಹೋಗುತ್ತೆ. ನಿನ್ನೆವರೆಗೆ ಮಾಲೀಕ, ಇವತ್ತು ಕಮಿಷನ್ ಏಜೆಂಟ್. ಅವನ ಜಾಗದಲ್ಲಿ ನೀವಿದ್ರೂ ಆರು ತಿಂಗಳು ಜಾಸ್ತಿ ಸಮಯ ಕೇಳ್ತಿದ್ರಿ. ನಾನಂತೂ ಕೇಳ್ತಿದ್ದೆ.

ಬಾಕ್ಸ್ ಕೂರಿಸಿದ ಕಡೆಯಲ್ಲೂ ಈ ಜಗ್ಗಾಟ ಮುಗೀಲಿಲ್ಲ. ಗ್ರಾಹಕರು ತಮಗೆ ಯಾವ ಚಾನೆಲ್ ಬೇಕು ಅಂತ ಫಾರ್ಮ್ ತುಂಬಿ ಕೊಡಬೇಕಿತ್ತು. ಆ ಫಾರ್ಮ್‌ಗಳನ್ನ ಕಂಪ್ಯೂಟರ್‌ಗೆ ಏರಿಸಿ, ಮನೆಮನೆಗೆ ಬಿಲ್ ಕೊಡಬೇಕಿತ್ತು. ಮಹಾನಗರಗಳಲ್ಲೇ ಇದು ತಿಂಗಳುಗಟ್ಟಲೆ ಆಗಲಿಲ್ಲ, ಟ್ರಾಯ್ ಅದಕ್ಕೂ ಒಂದು ಗಡುವು, ಅದು ತಪ್ಪಿದ್ರೆ ಇನ್ನೊಂದು ಗಡುವು ಅಂತ ಇಡ್ತಾ ಹೋಯ್ತು. ಯಾಕೆ ಆಗಲಿಲ್ಲ ಅಂತ ನಾನು ಮತ್ತೆ ಹೇಳಬೇಕಾಗಿಲ್ಲ. ಬಾಕ್ಸ್ ಡಿಜಿಟಲ್, ಪುಸ್ತಕ ಮಾತ್ರ ಅನಲಾಗ್.

2014ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಯ್ತು. ಪ್ರಕಾಶ್ ಜಾವಡೇಕರ್ ವಾರ್ತಾ ಮತ್ತು ಪ್ರಸಾರ ಸಚಿವರು. ಮೂರನೇ ಹಂತವನ್ನ 2015ರ ಡಿಸೆಂಬರ್ 31ಕ್ಕೆ, ನಾಲ್ಕನೆಯದನ್ನ 2016ರ ಡಿಸೆಂಬರ್ 31ಕ್ಕೆ ದೂಡಿದರು. ಬಾಕ್ಸ್‌ಗಳನ್ನ ನಮ್ಮ ದೇಶದಲ್ಲೇ ಮಾಡೋರಿಗೆ ಸಮಯ ಸಿಗಲಿ ಅನ್ನೋದು ಕೊಟ್ಟ ಕಾರಣ. 2015 ಮುಗೀತಿದ್ದ ಹಾಗೇ ಹೈದರಾಬಾದ್ ಹೈಕೋರ್ಟ್ ಮೂರನೇ ಹಂತಕ್ಕೆ ಎರಡು ತಿಂಗಳ ವಿನಾಯಿತಿ ಕೊಡ್ತು. ಅದನ್ನ ತೋರಿಸಿ ಬೇರೆ ರಾಜ್ಯಗಳಲ್ಲೂ ಆದೇಶ ತಂದರು. ಎಲ್ಲಾ ಕೇಸುಗಳೂ ದೆಹಲಿ ಹೈಕೋರ್ಟ್‌ಗೆ ಹೋಗಿ ಸೇರೋ ಹೊತ್ತಿಗೆ 2016 ಅರ್ಧ ಕಳೆದಿತ್ತು. ಆ ಡಿಸೆಂಬರ್‌ನಲ್ಲಿ ಸರ್ಕಾರ ಕೊನೇ ಸಲ ದಿನಾಂಕ ತಿದ್ದಿತು: ಮೂರನೇ ಹಂತಕ್ಕೆ 2017ರ ಜನವರಿ 31, ನಾಲ್ಕನೇ ಹಂತಕ್ಕೆ ಮಾರ್ಚ್ 31.

ಈ ನಡುವೆ ಡಿಟಿಎಚ್‌ನವರು ಹಬ್ಬ ಮಾಡಿದರು. ಕೇಬಲ್‌ನವರು ಒಂದೊಂದು ಗಡುವಿಗೂ ಕೋರ್ಟ್ ಮೆಟ್ಟಿಲು ಹತ್ತಿ ಇಳಿಯೋ ಅಷ್ಟರಲ್ಲಿ ಮನೆಗಳ ತಾರಸಿ ಮೇಲೆ ಸಣ್ಣ ಸಣ್ಣ ಡಿಶ್‌ಗಳು ಎದ್ದುಬಿಟ್ಟಿದ್ದವು. ತಡ ಮಾಡಿ ಉಳಿಸ್ಕೋಬೇಕು ಅಂದ್ಕೊಂಡಿದ್ದ ಗ್ರಾಹಕರಲ್ಲಿ ಒಂದಿಷ್ಟು ಜನ ಆ ತಡದಿಂದಲೇ ಕೈಬಿಟ್ಟು ಹೋದರು.

ಅಮೆರಿಕದಲ್ಲೂ ತಡ ಆಯ್ತು ಅಂತ ಕೆಲವರು ಹೇಳ್ತಾರೆ. ಹೌದು, ಆಯ್ತು. 2009ರ ಫೆಬ್ರುವರಿ 17ಕ್ಕೆ ದೊಡ್ಡ ಸ್ಟೇಷನ್‌ಗಳ ಅನಲಾಗ್ ಪ್ರಸಾರ ಪೂರ್ತಿ ನಿಲ್ಲಬೇಕಿತ್ತು, ಜೂನ್ 12ಕ್ಕೆ ಹೋಯ್ತು. ಕಾರಣ ಏನಂದ್ರೆ, ಆಂಟೆನಾದಲ್ಲಿ ಟಿವಿ ನೋಡೋ ಮನೆಗಳಿಗೆ ಬಾಕ್ಸ್ ಕೊಳ್ಳಲು ಅಲ್ಲಿನ ಸರ್ಕಾರ 40 ಡಾಲರ್ ಕೂಪನ್ ಕೊಡ್ತಿತ್ತು, ಆ ಯೋಜನೆಯ ದುಡ್ಡು ಖಾಲಿಯಾಗಿ ಲಕ್ಷಾಂತರ ಮನೆಗಳು ಕಾಯ್ತಾ ಕೂತಿದ್ದವು. ಖಾಲಿಯಾಗೋ ತರಂಗಗಳನ್ನ ಮೊದಲೇ ಹರಾಜು ಹಾಕಿ ಬಿಲಿಯನ್‌ಗಟ್ಟಲೆ ಡಾಲರ್ ಎತ್ತಿದ್ದರಿಂದ ಹಾಗೆ ಕೊಡೋಕೆ ಅವರಿಗೆ ದುಡ್ಡೂ ಇತ್ತು, ಅವಸರವೂ ಇತ್ತು. ನಮ್ಮಲ್ಲಿ ಕೇಬಲ್ ನೋಡೋ ಮನೆಗೆ ಸರ್ಕಾರ ಒಂದು ಪೈಸೆ ಕೂಪನ್ ಕೊಡಲಿಲ್ಲ. ಬಾಕ್ಸ್ ದುಡ್ಡು ಕೊಟ್ಟಿದ್ದು ನಮ್ಮಮ್ಮ. ಹಾಗಾಗಿ ಈ ಎರಡು ತಡಗಳನ್ನ ಒಂದೇ ತಕ್ಕಡಿಯಲ್ಲಿ ತೂಗೋದು ಸರಿ ಅಂತ ನನಗೆ ಅನ್ಸಲ್ಲ.

ಹಾಗಾದ್ರೆ ನಮ್ಮ ಆಂಟೆನಾ ಟಿವಿ, ಅಂದ್ರೆ ದೂರದರ್ಶನ? ಅಲ್ಲಿ ಗಲಾಟೆ ಮಾಡೋರೂ ಇರಲಿಲ್ಲ, ಅವಸರ ಮಾಡೋರೂ ಇರಲಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಇದು ಮನೆಯ ಕಥೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಉಪಗ್ರಹ ಬಳಸಿ, ಸೈಟ್ ಅನ್ನೋ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆ ಹಳ್ಳಿಗಳು ಇದ್ದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂತು, ಬೆಂಗಳೂರಿಗೆ 1981ರಲ್ಲಿ. ಬೆಂಗಳೂರಿಗಿಂತ ಮೊದಲು ಗುಲ್ಬರ್ಗದವರು ಟಿವಿ ನೋಡಿದರು ಅಂತ ಹೇಳಿದ್ರೆ ನನ್ನ ಬೆಂಗಳೂರಿನ ಗೆಳೆಯರು ಈಗಲೂ ನಂಬಲ್ಲ.

ದೂರದರ್ಶನ 2004ರಲ್ಲೇ ಉಚಿತ ಡಿಟಿಎಚ್ ಶುರು ಮಾಡಿತ್ತು, ಈಗಿನ ಫ್ರೀ ಡಿಶ್ ಅದೇ. ನೆಲದ ಮೇಲಿನ ಡಿಜಿಟಲ್ ಪ್ರಸಾರ ಕೂಡ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಬಂತು, ಮೊಬೈಲ್‌ನಲ್ಲೂ ಡಾಂಗಲ್ ಹಾಕಿ ನೋಡಬಹುದು ಅಂತ ಹೇಳಿದ್ರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡಾಂಗಲ್ ಕಥೆ ಅಲ್ಲಿಗೆ ಮುಗೀತು. ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಮಾತ್ರ ನೋಡೋರು ಕಮ್ಮಿಯಾದ್ರೂ ಕರೆಂಟ್ ತಿನ್ನುತ್ತಾ ನಿಂತಿದ್ದವು. 2021ರ ಅಕ್ಟೋಬರ್‌ನಲ್ಲಿ ಪ್ರಸಾರ ಭಾರತಿ, 2022ರ ಮಾರ್ಚ್ 31ರ ಒಳಗೆ ಇವನ್ನೆಲ್ಲಾ ನಿಲ್ಲಿಸ್ತೀವಿ, ಆಯಕಟ್ಟಿನ ಜಾಗಗಳಲ್ಲಿ ಸುಮಾರು 50 ಮಾತ್ರ ಉಳೀತವೆ ಅಂತ ಹೇಳ್ತು. ಕಲಬುರಗಿ ಕೇಂದ್ರವೇ ಮುಚ್ಚುತ್ತೆ ಅಂತ ಸುದ್ದಿ ಹಬ್ಬಿ ಅಲ್ಲಿನ ಜನ ಸಿಟ್ಟಾದರು. ಕೇಂದ್ರ ಮುಚ್ಚಲ್ಲ, ಅಲ್ಲಿ ಮಾಡಿದ ಕಾರ್ಯಕ್ರಮ ರಾಜ್ಯದ ಉಪಗ್ರಹ ಚಾನೆಲ್‌ನಲ್ಲಿ, ಯೂಟ್ಯೂಬ್‌ನಲ್ಲಿ ಬರುತ್ತೆ, ನಿಲ್ಲೋದು ಹಳೇ ಟ್ರಾನ್ಸ್‌ಮಿಟರ್ ಅಷ್ಟೇ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಡ್ತು.

ಕೇಬಲ್ ಕಡೆ ಒಂದು ಬಾಲ ಉಳಿದಿದೆ, ಹೇಳಿ ಮುಗಿಸ್ತೀನಿ. ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅನ್ನೋ ಮಾತು ಶುರುವಾದದ್ದು 2003ರ ಕ್ಯಾಸ್ ಕಾಲದಲ್ಲಿ. ಅದಕ್ಕೆ ಬೇಕಾದ ದರದ ನಿಯಮವನ್ನ ಟ್ರಾಯ್ 2017ರ ಮಾರ್ಚ್‌ನಲ್ಲಿ ಹೊರಡಿಸ್ತು. ಮದ್ರಾಸ್ ಹೈಕೋರ್ಟ್‌ನಲ್ಲಿ ಕೇಸ್, ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ, 2018ರ ಅಕ್ಟೋಬರ್‌ನಲ್ಲಿ ತೀರ್ಪು. ಡಿಸೆಂಬರ್ 29ಕ್ಕೆ ಜಾರಿ ಅಂದ್ರು, ಜನವರಿ 31ರವರೆಗೆ ಸಮಯ ಕೊಟ್ಟರು, ಆಮೇಲೆ ಮಾರ್ಚ್ 31ರವರೆಗೆ. 100 ಚಾನೆಲ್‌ವರೆಗಿನ ಸಂಪರ್ಕಕ್ಕೆ ತಿಂಗಳಿಗೆ 130 ರೂಪಾಯಿ, ಜೊತೆಗೆ ತೆರಿಗೆ, ಅದರ ಮೇಲೆ ನಿಮಗೆ ಬೇಕಾದ ಪೇ ಚಾನೆಲ್‌ಗಳ ದರ. ಆ ವಾರ ನಮ್ಮಮ್ಮ ಪೇಪರ್ ಪೆನ್ನು ಹಿಡ್ಕೊಂಡು ಕೂತು ಪಟ್ಟಿ ಮಾಡಿದ್ರು. ಹನ್ನೊಂದು ಚಾನೆಲ್. ತೆರಿಗೆ ಸೇರಿಸಿ ಕೂಡಿದಾಗ ಹಳೇ ಬಿಲ್ಲಿಗಿಂತ ಜಾಸ್ತಿ ಬಂತು. "ಇದೇನೋ ಇದು, ಕಮ್ಮಿ ನೋಡಿದ್ರೆ ಜಾಸ್ತಿ ದುಡ್ಡಾ? ನೀನು ಬಿ.ಕಾಂ. ಓದ್ತಿದೀಯಲ್ಲ, ಸರಿಯಾಗಿ ಕೂಡು" ಅಂದ್ರು. ಎರಡು ಸಲ ಕೂಡಿದೆ. ಅಷ್ಟೇ ಬಂತು.